ನೀರಿನ ಜಾಗ

ನನ್ನ ಹೆಂಡತಿಯ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತಾಗಲೆಲ್ಲ ನನ್ನ ಬಗ್ಗೆಯೇ ಬರೆದುಬಿಡುತ್ತೇನೆ. ಅದು ನನ್ನ ಒಂದು ದುರ್ಗುಣ. ಇನ್ನೊಂದು ಹೊಟ್ಟೆಕಿಚ್ಚು. ಇವೆರಡನ್ನೂ ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ನಾನು ಟೈಲ್ಸ್ ಮೇಸ್ತ್ರಿ. ಇಪ್ಪತ್ತೆಂಟು ವರ್ಷದಿಂದ ಮನೆಮನೆಯ ನೆಲ ಹಾಕುತ್ತಿದ್ದೇನೆ. ಈ ಕೆಲಸದಲ್ಲಿ ಒಂದು ಅನ್ಯಾಯವಿದೆ. ಹೊಸ ಮನೆ ನೋಡಲು ಬಂದವರು ಮೊದಲು ಬಾಗಿಲು ಸವರಿ ಬಡಗಿಯನ್ನು ಹೊಗಳುತ್ತಾರೆ. ಆಮೇಲೆ ನನ್ನ ನೆಲವನ್ನೇ ತುಳಿದುಕೊಂಡು ಒಳಗೆ ಬಂದು, ನನ್ನ ನೆಲದ ಮೇಲೆಯೇ ನಿಂತು, ಗೋಡೆಯ ಬಣ್ಣ ಹೊಗಳುತ್ತಾರೆ. ನೆಲ ನೋಡಿ ಆಹಾ ಅಂದವರನ್ನು ನಾನು ಕಂಡಿಲ್ಲ. ಬಡಗಿಯ ಮೇಲೆ, ಬಣ್ಣದವನ ಮೇಲೆ, ಕೊನೆಗೆ ಸ್ವಿಚ್ ಹಾಕುವವನ ಮೇಲೂ ನಾನು ಹೊಟ್ಟೆ ಉರಿದುಕೊಂಡಿದ್ದೇನೆ. ಆದರೆ ಹೆಂಡತಿಯ ಮೇಲೆ ಉರಿದುಕೊಂಡೇನು ಎಂದು ಅಂದುಕೊಂಡಿರಲಿಲ್ಲ.

ಅವಳು ಈ ಕೆಲಸಕ್ಕೆ ಬಂದದ್ದೇ ಆಕಸ್ಮಿಕ. ಮದುವೆಯಾಗಿ ಆರು ತಿಂಗಳಾಗಿತ್ತು. ನನಗೆ ಊಟದ ಕ್ಯಾರಿಯರ್ ತಂದವಳು, ಆವತ್ತು ಜಾಯಿಂಟ್ ತುಂಬುವ ಹೆಂಗಸು ಬಂದಿಲ್ಲ ಎಂದು ನಾನು ಕೂಗಾಡುತ್ತಿದ್ದುದನ್ನು ಐದು ನಿಮಿಷ ಕೇಳಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು, "ಅಷ್ಟು ಕೂಗೋ ಹೊತ್ತಿಗೆ ಅರ್ಧ ರೂಮು ತುಂಬಬಹುದಿತ್ತಲ್ಲ ಮೇಸ್ತ್ರಿ" ಎಂದು ಕೂತೇಬಿಟ್ಟಳು. ಹಾಗೆ ಕೂತವಳು ಇಪ್ಪತ್ತೆರಡು ವರ್ಷ ಎದ್ದಿಲ್ಲ.

ಜಾಯಿಂಟ್ ತುಂಬುವುದೆಂದರೆ ಏನು ಎಂದು ನೆಲ ತುಳಿಯುವವರಿಗೆ ಗೊತ್ತಿಲ್ಲ. ಎರಡು ಟೈಲ್ಸ್ ನಡುವಿನ ಸಂದಿಗೆ ಗ್ರೌಟು, ಅಂದರೆ ಕಲಸಿದ ಸಿಮೆಂಟಿನಂಥ ಹಿಟ್ಟು, ಉಜ್ಜಬೇಕು. ಅದು ಅರ್ಧ ಬಿಗಿಯುವ ಹೊತ್ತಿಗೆ ಸರಿಯಾಗಿ ಒದ್ದೆ ಸ್ಪಂಜಿನಿಂದ ಒರೆಸಬೇಕು. ಮೊದಲೇ ಒರೆಸಿದರೆ ಗ್ರೌಟು ಕಿತ್ತು ಬರುತ್ತದೆ, ತಡವಾದರೆ ಟೈಲ್ಸ್ ಮೇಲೆ ಬಿಳಿ ಮಂಕು ಕೂರುತ್ತದೆ. ಒರೆಸು, ಬಕೆಟ್ಟಿನಲ್ಲಿ ಅದ್ದು, ಹಿಂಡು, ಮತ್ತೆ ಒರೆಸು. ಒಂದು ಕೋಣೆಗೆ ಮೂರು ಬಕೆಟ್ ನೀರು. ಅವಳು ದಿನವಿಡೀ ನೋಡುವುದು ಮೊಣಕಾಲಿನ ಪಕ್ಕದ ಆ ಬಕೆಟ್ಟನ್ನೇ.

ಮೂಲೆಗಳಲ್ಲಿ, ನನ್ನ ದೇಹ ಹಿಡಿಸದ ಕಡೆ, ಒಂದೆರಡು ಟೈಲ್ಸ್ ಅವಳೇ ಕೂರಿಸುವುದೂ ಉಂಟು. ಆದರೆ ಅವಳು ಕೂರಿಸಿದ್ದರ ಮೇಲೆ ನಾನೊಮ್ಮೆ ರಬ್ಬರ್ ಸುತ್ತಿಗೆಯಲ್ಲಿ ಬಡಿದು, ರಸಮಟ್ಟ ಇಟ್ಟು, ಅದರೊಳಗಿನ ಗುಳ್ಳೆ ನಡುವೆ ನಿಂತದ್ದನ್ನು ನೋಡಿದ ಮೇಲೆಯೇ ಆ ಕೆಲಸ ಮುಗಿದಂತೆ. ಇದು ನಮ್ಮ ಕ್ರಮ. ಸಹಾಯಕ್ಕೆ ಬಂದವರ ಕೆಲಸವನ್ನು ಮೇಸ್ತ್ರಿಯಾದವನು ಬಡಿಯದೆ ಬಿಡಬಾರದು. ಅವಳೂ ಒಂದು ದಿನವೂ ಯಾಕೆ ಎಂದವಳಲ್ಲ.

ಒಮ್ಮೆ ಮಾತ್ರ ಒಬ್ಬ ಮನೆ ಯಜಮಾನಿ ಕೆಳಗೆ ಬಾಗಿ, "ಜಾಯಿಂಟು ಗೆರೆ ಎಳೆದ ಹಾಗಿದೆಯಲ್ಲ, ಯಾರು ಮಾಡಿದ್ದು?" ಎಂದು ಕೇಳಿದ್ದಳು. "ನಮ್ಮವಳೇ" ಎಂದು ಹೇಳಿ ನಾನು ಬೇಗ ಮಾತು ಬದಲಿಸಿದೆ. ಎರಡು ದಿನ ಊಟ ಸರಿಯಾಗಿ ಗಂಟಲಲ್ಲಿ ಇಳಿಯಲಿಲ್ಲ. ಸೆಖೆ ಎಂದುಕೊಂಡೆ.

ನಾವಿಬ್ಬರೂ ಒಮ್ಮೆ ವಿದೇಶಕ್ಕೆ ಹೋದದ್ದೂ ಅವಳಿಂದಲೇ ಎನ್ನಬೇಕು, ಈಗ ಹೇಳಿದರೆ ನಷ್ಟವೇನಿಲ್ಲ. ಟೈಲ್ಸ್ ಅಂಟಿನ ಚೀಲದೊಳಗೆ ಕಂಪನಿಯವರು ಒಂದು ಬಿಲ್ಲೆ ಇಟ್ಟಿರುತ್ತಾರೆ. ಹೆಚ್ಚು ಬಿಲ್ಲೆ ಕಳಿಸಿದ ಮೇಸ್ತ್ರಿಗಳಿಗೆ ಹೆಂಡತಿ ಸಮೇತ ಆರು ದಿನದ ವಿದೇಶ ಪ್ರವಾಸ. ನಾನು ಚೀಲ ಹರಿದು ಎಸೆಯುವವನು. ಅವಳು ಆ ಎಸೆದ ಚೀಲಗಳಲ್ಲೆಲ್ಲ ಕೈಯಾಡಿಸಿ, ಬಿಲ್ಲೆ ತೊಳೆದು, ಡಬ್ಬಿಯಲ್ಲಿ ತುಂಬಿಟ್ಟು ಕಳಿಸಿದ್ದಳು. ಪಟ್ಟಿ ಬಂದಾಗ ಅದರಲ್ಲಿ ನನ್ನ ಹೆಸರಿತ್ತು. ನಾನು ಸಂಬಂಧಿಕರಿಗೆಲ್ಲ ಫೋನು ಮಾಡಿ ಹೇಳಿದೆ, ಕಂಪನಿಯವರು ನನ್ನ ಕೆಲಸ ನೋಡಿ ಕರೆದಿದ್ದಾರೆ ಎಂದು. ಅವಳು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದಳು.

ವಿಮಾನ ನಿಲ್ದಾಣದಲ್ಲಿ ನನ್ನ ಕೈಚೀಲ ತೆಗೆಸಿ ಒಳಗಿದ್ದ ಪುಟ್ಟ ರಸಮಟ್ಟವನ್ನು ಮೂವರು ತಿರುಗಿಸಿ ತಿರುಗಿಸಿ ನೋಡಿದರು. ಹಸಿರು ದ್ರವದಲ್ಲಿ ಗುಳ್ಳೆ ಓಡಾಡುವುದು ಅವರಿಗೆ ಅನುಮಾನ ಹುಟ್ಟಿಸಿತ್ತು. "ಅಲ್ಲಿನ ನೆಲ ಸೊಟ್ಟ ಇದ್ರೆ ಸರಿ ಮಾಡಿ ಬರೋಣ ಅಂತಾನಾ ಮೇಸ್ತ್ರಿ?" ಎಂದು ಇವಳು ಕೇಳಿದಳು. ನಗುವಿನ ಮಾತೇನೋ ಹೌದು, ಆದರೆ ಹೋಟೆಲಿಗೆ ಹೋದ ಕೂಡಲೇ ಬಚ್ಚಲಿನ ನೆಲದ ಮೇಲೆ ನಾನು ಅದನ್ನು ಇಟ್ಟು ನೋಡಿದ್ದು ನಿಜ. ಒಂದು ನೂಲಿನಷ್ಟು ವ್ಯತ್ಯಾಸವಿತ್ತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ನಮ್ಮ ಜೊತೆ ಇನ್ನೂ ಹತ್ತು ಮಂದಿ ಮೇಸ್ತ್ರಿಗಳು, ಅವರ ಹೆಂಡಂದಿರು. ಅವರಲ್ಲಿ ಒಬ್ಬನಿಗೆ ಎಲ್ಲರೂ ಗ್ರಾನೈಟ್ ಎನ್ನುತ್ತಿದ್ದರು. ಬಾಯಿ ತೆಗೆದರೆ ತಾನು ಗ್ರಾನೈಟ್ ಹಾಕಿದ ದೊಡ್ಡ ದೊಡ್ಡ ಬಂಗಲೆಗಳ ಮಾತು. ಮೊದಲ ಮೂರು ದಿನ ನನ್ನ ಹೊಟ್ಟೆಕಿಚ್ಚೆಲ್ಲ ಅವನಿಗೇ ಮೀಸಲಾಗಿತ್ತು.

ನಾಲ್ಕನೇ ದಿನ ಬಸ್ಸಿನಲ್ಲಿ ಗೈಡ್ ಹುಡುಗಿ ಮೈಕು ಹಿಡಿದಳು. ಅವಳು ನಮ್ಮ ಕಡೆಯವಳೇ, ಓದಲು ಹೋಗಿ ಅಲ್ಲೇ ಉಳಿದವಳು. "ಇವತ್ತು ಮಧ್ಯಾಹ್ನ ಮತ್ತು ನಾಳೆ ಬೆಳಿಗ್ಗೆ ಮೊಸಾಯಿಕ್ ಕ್ಲಾಸು. ಬಣ್ಣದ ಗಾಜಿನ ಚೂರಲ್ಲಿ ಚಿತ್ರ ಮಾಡೋದು. ಪ್ರತಿ ಕ್ಲಾಸಿನಲ್ಲೂ ಚೆನ್ನಾಗಿರೋ ಒಂದನ್ನ ಟೀಚರ್ ಆರಿಸಿ, ಅವರ ಬೀದಿಯ ಗೋಡೆಗೆ ಹಾಕ್ತಾರೆ. ಕೆಳಗೆ ಮಾಡಿದವರ ಹೆಸರು. ಆ ಗೋಡೆ ನೂರು ವರ್ಷ ಇರುತ್ತೆ ಅಂತಾರೆ" ಎಂದಳು.

ನಾನು ಹಾಕಿದ ನೆಲಗಳ ಮೇಲೆ ಈಗ ಸೋಫಾ ಇದೆ, ಮಂಚ ಇದೆ, ಫ್ರಿಜ್ಜಿದೆ. ಎಲ್ಲಿಯೂ ನನ್ನ ಹೆಸರಿಲ್ಲ. ಇಲ್ಲೊಂದು ಗೋಡೆ ಹೆಸರು ಬರೆದುಕೊಳ್ಳಲು ಕಾದು ನಿಂತಿದೆ. ಅದು ನನ್ನದೇ ಎಂದು ನಾನು ಬಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ಗ್ರಾನೈಟ್ ಕಡೆ ತಿರುಗಿ ನೋಡಿದೆ. ಅವನೂ ನನ್ನ ಕಡೆ ನೋಡುತ್ತಿದ್ದ.

ಕ್ಲಾಸು ನಡೆಯುವ ಜಾಗ ಹಿಂದೆ ಗೋದಾಮಾಗಿತ್ತಂತೆ. ಎತ್ತರದ ಕಿಟಕಿಗಳು, ಉದ್ದದ ಮೇಜು, ಗೋಡೆ ತುಂಬ ಟ್ರೇಗಳಲ್ಲಿ ಬಣ್ಣದ ಗಾಜಿನ ಚೂರುಗಳು. ಸಿಂಕಿನ ಪಕ್ಕ ಎರಡು ಡ್ರಮ್ಮು. ಗಾರೆ ಕೈ ತೊಳೆದ ನೀರು ಚರಂಡಿಗೆ ಹೋಗಿ ಕಟ್ಟಿಕೊಳ್ಳದಂತೆ ಮೊದಲು ಅದರಲ್ಲಿ ತಿಳಿಯಾಗಬೇಕು. ಇವಳು ಬಣ್ಣ ಬಿಟ್ಟು ಆ ಡ್ರಮ್ಮನ್ನೇ ನೋಡಿದಳು. "ನಮ್ಮಂಗೇ ಕಣ್ರೀ ಇವ್ರೂನೂ."

ಟೀಚರ್ ಅರವತ್ತು ದಾಟಿದ ಹೆಂಗಸು. ನರೆತ ಕೂದಲು ಗಿಡ್ಡಕ್ಕೆ ಕತ್ತರಿಸಿದ್ದಳು, ಎರಡು ಬೆರಳಿಗೆ ಪಟ್ಟಿ ಸುತ್ತಿತ್ತು. ಇವಳ ಮುಂದೆ ಬಂದಾಗ ಇವಳ ಅಂಗೈ ಹಿಡಿದು ಬಿರುಕುಗಳನ್ನು ನೋಡಿ, ತನ್ನ ಅಂಗೈ ತೆರೆದು ತೋರಿಸಿದಳು. ಇಬ್ಬರೂ ನಕ್ಕರು. ನನ್ನ ಕೈಯನ್ನು ಅವಳು ನೋಡಲಿಲ್ಲ.

ಒಬ್ಬೊಬ್ಬರಿಗೂ ಮೊಳದಗಲದ ಒಂದು ಹಲಗೆ, ಅದರ ಮೇಲೆ ಹಸಿ ಗಾರೆ. ಸಂಜೆಯವರೆಗೆ ಮೆತ್ತಗಿರುತ್ತದೆ, ಬೆಳಗಾಗುವಷ್ಟರಲ್ಲಿ ಕಲ್ಲಾಗುತ್ತದೆ. "ನೀವು ದಿನಾ ನೋಡೋದು ಏನಾದ್ರೂ ಮಾಡಿ ಅಂತಿದ್ದಾರೆ" ಎಂದು ಗೈಡ್ ಹುಡುಗಿ ಹೇಳಿದಳು.

ದಿನಾ ನೋಡುವುದನ್ನು ಗೋಡೆಗೆ ಯಾರು ಹಾಕುತ್ತಾರೆ? ನಾನು ಎಂಟು ದಳದ ಹೂವು ಹಿಡಿದೆ. ದಾರ ಕಟ್ಟಿ ನಡು ಗುರುತು ಮಾಡಿದೆ, ಒಂದೊಂದು ದಳಕ್ಕೂ ಅಳತೆ ಇಟ್ಟೆ, ಗಾಜಿನ ಚೂರುಗಳನ್ನು ಇಕ್ಕಳದಲ್ಲಿ ಒಂದೇ ಸಮ ಕತ್ತರಿಸಿದೆ. ಸಂದುಗಳು ಬೆಂಕಿಕಡ್ಡಿಯ ದಪ್ಪ, ಎಲ್ಲ ಕಡೆ ಅಷ್ಟೇ. ರಸಮಟ್ಟ ಇಟ್ಟರೆ ಗುಳ್ಳೆ ಅಲ್ಲಾಡಲಿಲ್ಲ. ಗ್ರಾನೈಟ್ ಏನೋ ಒಂದು ನವಿಲು ಮಾಡಲು ಹೋಗಿ ಕೋಳಿಯಲ್ಲಿ ನಿಂತಿದ್ದ. ನನಗೆ ಪರಮಾನಂದವಾಯಿತು.

ಆಗ ಕೋಣೆಯ ಆ ತುದಿಯಲ್ಲಿ ಸದ್ದು ಅಡಗಿತು. ಟೀಚರ್ ಇವಳ ಹಲಗೆಯ ಮುಂದೆ ನಿಂತವಳು ನಿಂತೇ ಇದ್ದಳು. ಆಮೇಲೆ ಮೇಜಿನ ದೀಪವನ್ನು ಎತ್ತಿ ಹಿಡಿದು, ಎಡದಿಂದ ಬಲಕ್ಕೆ ನಿಧಾನವಾಗಿ ಸರಿಸಿದಳು. ಸುತ್ತ ನೆರೆದವರು "ಅಯ್ಯೋ, ಅಲುಗಾಡ್ತಿದೆ ನೋಡಿ!" ಎಂದರು.

ನಾನೂ ಹೋದೆ. ಇವಳು ಬಕೆಟ್ ಮಾಡಿದ್ದಳು. ಪಕ್ಕದಲ್ಲಿ ಮಂಡಿಯೂರಿ ಕೂತರೆ ಮೇಲಿನಿಂದ ಹೇಗೆ ಕಾಣುತ್ತದೋ ಹಾಗೆ. ಸುತ್ತ ಕಪ್ಪು ಅಂಚು, ಒಳಗೆ ನೀರು. ಸ್ಪಂಜು ತೊಳೆದ ನೀರು. ಬೂದಿ, ಹಾಲುಬಿಳಿ, ತಿಳಿ ನೀಲಿ, ಎಲ್ಲೋ ಒಂದು ಕಡೆ ಹಳದಿ ಚೂರು. ಒಂದು ಚೂರು ಎಡಕ್ಕೆ ವಾಲಿತ್ತು, ಪಕ್ಕದ್ದು ಮುಂದಕ್ಕೆ ಬಗ್ಗಿತ್ತು, ಯಾವುದೂ ಸಮ ಇರಲಿಲ್ಲ. ದೀಪ ಸರಿದ ಹಾಗೆ ಬೆಳಕು ಒಂದರಿಂದ ಒಂದಕ್ಕೆ ಹಾರಿ, ನೀರು ಈಗಷ್ಟೇ ಕೈ ಅದ್ದಿ ತೆಗೆದಂತೆ ನಡುಗುತ್ತಿತ್ತು.

"ಹೀಗೆ ವಾಲಿಸಿ ಕೂರಿಸ್ಬೇಕು ಅಂತ ಹೇಳಿಕೊಟ್ಟೋರು ಯಾರು ಅಂತ ಕೇಳ್ತಿದ್ದಾರೆ ಆಂಟಿ" ಎಂದಳು ಗೈಡ್ ಹುಡುಗಿ.

"ಯಾರೂ ಇಲ್ಲಮ್ಮ. ನೀರು ಹಂಗೇ ತಾನೆ ಇರೋದು? ಮಟ್ಟ ಹಾಕಿ ಕೂರಿಸೋಕೆ ಆಗುತ್ತಾ ನೀರನ್ನ?"

ಟೀಚರ್ ಆ ಮಾತು ಕೇಳಿ ಇವಳ ಬೆನ್ನು ತಟ್ಟಿದಳು. "ಇದಕ್ಕೆ ನಾಳೆ ಜಾಯಿಂಟ್ ತುಂಬೋದು ಬೇಡ, ಹೀಗೇ ಇರ್ಲಿ ಅಂತೆ. ಗೋಡೆಗೆ ಇದೇ ಹೋಗುತ್ತೇನೋ, ಒಣಗಲಿ ನೋಡೋಣ ಅಂತಿದ್ದಾರೆ" ಎಂದಳು ಗೈಡ್ ಹುಡುಗಿ. ಆಮೇಲೆ ಟೀಚರ್ ನನ್ನ ಹೂವಿನ ಹತ್ತಿರ ಬಂದು ಒಂದೇ ಮಾತು ಹೇಳಿದಳು. ಗೈಡ್ ಹುಡುಗಿ ಅದನ್ನು "ತುಂಬಾ ನೀಟಾಗಿದೆ ಅಂಕಲ್" ಎಂದು ತಿರುಗಿಸಿದಳು. ಟೀಚರ್ ಇಲ್ಲಿ ದೀಪ ಎತ್ತಲಿಲ್ಲ.

ಗ್ರಾನೈಟ್ ಗೆದ್ದಿದ್ದರೆ ಬೈದುಕೊಂಡು ತಣ್ಣಗಾಗುತ್ತಿದ್ದೆ. ಬೈಗುಳಕ್ಕೆ ಅವನು ಹೇಳಿ ಮಾಡಿಸಿದವನು. ಇವಳನ್ನು ಏನೆಂದು ಬೈಯಲಿ? ಕರಣೆ ಹಿಡಿಯುವುದನ್ನು ನಾನು ತೋರಿಸಿಕೊಟ್ಟದ್ದು. ಗಾರೆಯ ಹದ ನಾನು ಹೇಳಿಕೊಟ್ಟದ್ದು. ನನ್ನ ಬಳಿ ಕಲಿತವಳು ನನಗೇ ತೋರಿಸದೆ ಅದನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದಳು?

ಚಹಾಕ್ಕೆಂದು ಎಲ್ಲರೂ ಹಿತ್ತಲ ಕಟ್ಟೆಗೆ ಹೋದರು. ಕೈ ತೊಳೆದು ಬರುತ್ತೇನೆಂದು ನಾನು ಹಿಂದೆ ಉಳಿದೆ. ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ. ಇವಳ ಹಲಗೆಯ ಮುಂದೆ ನಿಂತಿದ್ದೆ.

ಬಾಗಿ ನೋಡಿದೆ. ಕಿಟಕಿಯ ಬೆಳಕು ಬೀಳುತ್ತಿತ್ತು, ನಾನು ತಲೆ ಆಡಿಸಿದಂತೆ ನೀರೂ ಆಡಿತು. ಚೆನ್ನಾಗಿತ್ತು. ನನ್ನ ಜೀವಮಾನದಲ್ಲಿ ನಾನು ಅಂಥದ್ದೊಂದನ್ನು ಮಾಡಿಲ್ಲ, ಮಾಡಲಾರೆ ಎಂದು ನನಗೆ ಅಲ್ಲೇ ಗೊತ್ತಾಯಿತು. ಗೊತ್ತಾದ ಮೇಲೆ ಗಾಜನ್ನು ಅದುಮಲು ಇಟ್ಟಿದ್ದ ಮರದ ತುಂಡನ್ನು ಕೈಗೆ ತೆಗೆದುಕೊಂಡೆ.

ಟಕ್. ಗಾರೆ ಇನ್ನೂ ಮೆತ್ತಗಿತ್ತು, ಚೂರುಗಳು ಹೇಳಿದ ಮಾತು ಕೇಳಿದವು. ವಾಲಿದ್ದು ನೆಟ್ಟಗಾಯಿತು, ಬಗ್ಗಿದ್ದು ಕೆಳಗಿಳಿಯಿತು. ಟಕ್, ಟಕ್. ಇಪ್ಪತ್ತೆರಡು ವರ್ಷದ ಅಭ್ಯಾಸ, ಅವಳು ಕೂರಿಸಿದ್ದನ್ನು ನಾನು ಬಡಿಯುವುದು. ಅದರಲ್ಲೇನು ವಿಶೇಷ ಎಂದುಕೊಂಡೇ ಬಡಿದೆ. ರಸಮಟ್ಟ ಇಟ್ಟೆ. ಗುಳ್ಳೆ ಓಡಾಡಿ ನಡುವೆ ನಿಂತಿತು. ಟೀಚರ್ ಮೊದಲೇ ಹೇಳಿದ್ದಂತೆ ರಾತ್ರಿಗೆಂದು ಒದ್ದೆ ಬಟ್ಟೆ ಮುಚ್ಚಿ, ಹೊರಗೆ ಹೋಗಿ ಚಹಾ ಕುಡಿದೆ. ಸಕ್ಕರೆ ಹಾಕಿಕೊಳ್ಳುವುದನ್ನು ಮರೆತಿದ್ದೆ.

ಸಂಜೆ ಹೋಟೆಲಿನ ಊಟದ ಮೇಜಿನಲ್ಲಿ ಅವಳ ತಟ್ಟೆಗೆ ನಾನೇ ಬಡಿಸಿದೆ. "ಏನ್ ಮೇಸ್ತ್ರಿ, ಇವತ್ತು ಭಾರಿ ಉಪಚಾರ?" ಎಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ಮಗಳು ಹುಟ್ಟಿದಾಗ ಬಿಟ್ಟರೆ ಮತ್ತೆ ನೋಡಿರಲಿಲ್ಲ. ಆಮೇಲೆ ಉಪ್ಪಿನ ಡಬ್ಬಿಯನ್ನು ಆ ಕಡೆ ಈ ಕಡೆ ಸರಿಸುತ್ತ ಕೇಳಿದಳು: "ಅಲ್ಲಾ, ಗೋಡೆಗೆ ಹಾಕಿದ್ರೆ ಹೆಸರು ಯಾರ್ದು ಬರೀತಾರೆ? ನಂದೇನಾ, ಇಲ್ಲ ಪ್ರವಾಸ ನಿಮ್ಮ ಹೆಸರಲ್ಲಿ ಬಂದಿರೋದಕ್ಕೆ ನಿಮ್ದಾ?"

"ನಿಂದಲ್ದೆ ಇನ್ಯಾರ್ದು?" ಎಂದೆ.

"ಮಗಳು ನಂಬಲ್ಲ ನೋಡಿ. ಫೋಟೋ ಹಿಡ್ಕೊಂಡು ಹೋಗ್ಬೇಕು" ಎಂದು ತನ್ನಷ್ಟಕ್ಕೆ ನಕ್ಕಳು. ಅನ್ನ ನನ್ನ ಗಂಟಲಲ್ಲಿ ನಿಂತಿತು. ಈ ಸಲ ಸೆಖೆ ಎನ್ನಲು ಆಗುವಂತಿರಲಿಲ್ಲ, ಮೇಲೆ ಏಸಿ ಓಡುತ್ತಿತ್ತು.

ಬೆಳಿಗ್ಗೆ ಟೀಚರ್ ಎಲ್ಲಕ್ಕಿಂತ ಮೊದಲು ಇವಳ ಹಲಗೆಯ ಬಟ್ಟೆಯನ್ನೇ ತೆಗೆದಳು. ದೀಪ ಹಿಡಿದಳು. ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು. ಬೆಳಕು ಮೇಲೆ ಬಿದ್ದು ಸುಮ್ಮನೆ ಅಲ್ಲೇ ನಿಂತಿತು. ಬೂದಿ ಬಣ್ಣದ ಗಾಜು, ಬಿಳಿ ಗಾಜು, ಅಷ್ಟೇ. ಗಾರೆ ಕಲ್ಲಾಗಿತ್ತು. ಟೀಚರ್ ಏನೂ ಅರ್ಥವಾಗದೆ ಇವಳ ಮುಖ ನೋಡಿದಳು. ಗ್ರಾನೈಟ್ ಕೂಡ ಹತ್ತಿರ ಬಂದು, "ಅರೆ, ನಿನ್ನೆ ಹೀಗಿರ್ಲಿಲ್ವಲ್ಲಕ್ಕ" ಎಂದ. ಅವನ ದನಿಯಲ್ಲಿ ನಿಜವಾದ ಮರುಕವಿತ್ತು. ಅವನಿಗಿದ್ದಷ್ಟು ಮರ್ಯಾದೆಯೂ ನನಗಿಲ್ಲವಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಇವಳು ಅಂಗೈಯನ್ನು ಹಲಗೆಯ ಮೇಲೆ ಇಟ್ಟು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದಳು. ಮತ್ತೊಮ್ಮೆ ಎಳೆದಳು. ನನ್ನ ಕಡೆ ನೋಡಲಿಲ್ಲ.

"ಏನಾಯ್ತು ಅಂತ ಕೇಳ್ತಿದ್ದಾರೆ ಆಂಟಿ."

"ಮೇಸ್ತ್ರಿ ಮಟ್ಟ ಮಾಡಿದ್ದಾರೆ ಅಂತ ಹೇಳಮ್ಮ. ನಮ್ಮ ಕೆಲಸದಲ್ಲಿ ಅದೇ ಕ್ರಮ. ನಾವು ಕೂರಿಸಿದ್ದನ್ನ ಅವ್ರು ಒಂದ್ಸಲ ಬಡೀತಾರೆ. ತಪ್ಪು ತಿಳ್ಕೋಬೇಡಿ ಅನ್ನು."

ಗೈಡ್ ಹುಡುಗಿ ಹೇಳಿದಳು. ಟೀಚರ್ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಇನ್ನೊಂದು ಹಲಗೆ ಕೊಡುತ್ತೇನೆ, ಮತ್ತೆ ಮಾಡು ಎಂದು ಇವಳನ್ನು ಕೇಳಿದಳು. ಇವಳು ಗೋಡೆ ಗಡಿಯಾರ ನೋಡಿದಳು. ಹನ್ನೊಂದಕ್ಕೆ ಬಸ್ಸು. "ಗಾರೆ ಒಣಗಲ್ಲ ಬಿಡಿ. ಅರ್ಧ ಒಣಗಿದ್ದನ್ನ ಗೋಡೆಗೆ ಹಾಕಿದ್ರೆ ಬಿದ್ದೋಗುತ್ತೆ" ಎಂದಳು. ಅವಳು ಬೇಡ ಅಂದದ್ದಕ್ಕೆ ನನಗೆ ಒಳಗೊಳಗೆ ಸಮಾಧಾನವಾಯಿತು. ಇದನ್ನೂ ಬರೆಯಲೇಬೇಕು.

ಟೀಚರ್ ಮೇಜಿನ ಸುತ್ತ ಎರಡು ಸುತ್ತು ಬಂದಳು. ಕೋಳಿಯಾದ ನವಿಲು, ಸೊಟ್ಟ ಮನೆಗಳು, ಮೂಗಿಲ್ಲದ ಮುಖಗಳು. ಕೊನೆಗೆ ನನ್ನ ಹೂವಿನ ಮುಂದೆ ನಿಂತು ತಲೆಯಾಡಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಗ್ರಾನೈಟ್ ನನ್ನ ಕೈ ಕುಲುಕಿ, "ಗೆದ್ದೆ ಬಿಡಯ್ಯ" ಎಂದ. ನಾನು ಬಸ್ಸಿನಲ್ಲಿ ಬಯಸಿದ್ದು ಇದನ್ನೇ.

ನನ್ನ ಹೂವಿಗೆ ಜಾಯಿಂಟ್ ತುಂಬುವುದು ಬಾಕಿಯಿತ್ತು. ಯಾರೂ ಹೇಳಲಿಲ್ಲ, ಇವಳೇ ಬಕೆಟ್ಟಿನಲ್ಲಿ ನೀರು ಹಿಡಿದು ತಂದು, ಹಲಗೆಯನ್ನು ಕೆಳಗಿಳಿಸಿ, ಪಕ್ಕದಲ್ಲಿ ಮಂಡಿಯೂರಿ ಕೂತಳು. ಎಂಟು ದಳಗಳ ಸಂದಿಗೂ ಗ್ರೌಟು ಉಜ್ಜಿದಳು. ಹದ ನೋಡಿ ಒರೆಸತೊಡಗಿದಳು. ನಾನು ಎದುರಿಗೆ ಕೂತೆ. ಉಳಿದವರು ಫೋಟೋ ತೆಗೆಸಿಕೊಳ್ಳಲು ಹೊರಗೆ ಹೋಗಿದ್ದರು.

"ಅಭ್ಯಾಸ ಕಣೇ" ಎಂದೆ. "ಕೈ ತಾನಾಗಿ ಹೋಯ್ತು. ಇಷ್ಟು ವರ್ಷದ ಅಭ್ಯಾಸ."

ಅವಳು ಸ್ಪಂಜು ಹಿಂಡಿದಳು. "ಅಭ್ಯಾಸದಲ್ಲಿ ನೀವು ಹೆಂಗೆ ಬಡೀತೀರಿ ನಂಗೊತ್ತಿಲ್ವಾ? ಎಡಗಡೆ ಮೂಲೆಯಿಂದ ಶುರು ಮಾಡ್ತೀರಿ. ನಾಕೂ ಅಂಚು ಬಡಿದು ಆಮೇಲೆ ನಡುಕ್ಕೆ ಬರ್ತೀರಿ. ಕೂರಿಸಿದ್ದು ಏನು ಅಂತಾನೂ ನೋಡಲ್ಲ, ಯಾರ ಜೊತೇಲೋ ಮಾತಾಡ್ತಾ ಬಡೀತೀರಿ." ಒಂದು ದಳ ಒರೆಸಿದಳು. "ಬಕೆಟ್ ಅಂಚು ನಾನು ಕೂರಿಸಿದ ಹಂಗೇ ಇದೆ. ಒಂದು ಚೂರೂ ಕದಲಿಲ್ಲ. ನೀರಿನ ಜಾಗ ಮಾತ್ರ ಬಡಿದಿದ್ದೀರಿ."

ನಾನು ಹೂವಿನ ಅಂಚಿಗೆ ಮೆತ್ತಿದ್ದ ಗ್ರೌಟನ್ನು ಉಗುರಿನಿಂದ ಕೆರೆದೆ.

"ಇಪ್ಪತ್ತೆರಡು ವರ್ಷದಲ್ಲಿ ನಾನು ಮಾಡಿದ್ದನ್ನ ನೀವು ಬಾಗಿ ನೋಡಿದ್ದು ನಿನ್ನೆ ಒಂದೇ ದಿನ ಮೇಸ್ತ್ರಿ" ಎಂದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಬಕೆಟ್ಟಿನಲ್ಲಿ ಸ್ಪಂಜು ಅದ್ದಿ, ಹಿಂಡಿ, ಕೊನೆಯ ದಳವನ್ನೂ ಒರೆಸಿದಳು. ಹೂವು ಫಳಫಳ ಎನ್ನುತ್ತಿತ್ತು.

ಟೀಚರ್ ಅಚ್ಚಿನ ಅಕ್ಷರಗಳ ಪೆಟ್ಟಿಗೆಯನ್ನೂ ಒಂದು ಹಸಿ ಮಣ್ಣಿನ ಬಿಲ್ಲೆಯನ್ನೂ ತಂದಳು. ಹೆಸರು ಏನೆಂದು ಬರೆಯಬೇಕು ಎಂದು ಗೈಡ್ ಹುಡುಗಿ ಕೇಳಿದಳು. ಇವಳ ಹೆಸರು ಹೇಳಿಬಿಡೋಣವೆನ್ನಿಸಿತು, ಆದರೆ ಆ ಹೂವಿನ ಕೆಳಗೆ ಇವಳ ಹೆಸರು ಹಾಕಿಸುವುದು ಇನ್ನೊಂದು ಅವಮಾನ. ಪೆಟ್ಟಿಗೆಯ ಅಕ್ಷರಗಳನ್ನು ನೋಡುತ್ತ ನಿಂತೆ.

ಮದುವೆಯಾದಂದಿನಿಂದ ಅವಳ ಬಾಯಲ್ಲಿ ನಾನು ಬರೀ ಮೇಸ್ತ್ರಿ. ಆವತ್ತು ಅವಳು ಕೈ ಒರೆಸಿಕೊಂಡು ಎದ್ದು ನಿಂತು, ಗೈಡ್ ಹುಡುಗಿ ಬರೆದುಕೊಳ್ಳಲು ಅನುಕೂಲವಾಗಲೆಂದು ಒಂದೊಂದೇ ಅಕ್ಷರ ಬಿಡಿಸಿ, ನನ್ನ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಒಂದಕ್ಷರವೂ ತಪ್ಪಲಿಲ್ಲ.